ಕಾಳಿಯ ಕೆಸರಿನಲ್ಲಿ ಸಿಕ್ಕ ಅಳತೆಗೋಲು

ಕಾರವಾರ ಮತ್ತು ಅಂಕೋಲಾ ನಡುವಿನ ಹಾರವಾಡದಂಥ ಕಡಲಂಚಿನ ಊರುಗಳಲ್ಲಿ ‘ಮೊದಲಿನಷ್ಟು ಮೀನಿಲ್ಲ’ ಎಂಬುದು ದಿನನಿತ್ಯದ ಮಾತು. ಅದೇ ಮಾತನ್ನು ಯಾವುದಾದರೂ ಅಹವಾಲು ಸಭೆಯಲ್ಲಿ ಆಡಿದರೆ ಎದುರಾಗುವ ಪ್ರಶ್ನೆ ಒಂದೇ: ಮೊದಲು ಎಷ್ಟಿತ್ತು? ಪ್ರಶ್ನೆ ಒರಟೆನಿಸಬಹುದು, ಅನ್ಯಾಯದ್ದಲ್ಲ. ಆದರೆ ಅದಕ್ಕೆ ಉತ್ತರಿಸಬಲ್ಲವರು ದಶಕಗಳ ಹಿಂದೆಯೇ ಕೆಸರಿಗಿಳಿದು ಎಣಿಸಿಟ್ಟವರು ಮಾತ್ರ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ಎಸ್.ಎನ್. ಹರಕಂತ್ರ ಅಂಥವರಲ್ಲಿ ಒಬ್ಬರು. ಕನ್ನಡದ ಓದುಗರಿಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಕಾರವಾರದ ಮಟ್ಟಿಗಾದರೂ ಪರಿಚಿತವಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆ ಸಂಸ್ಥೆ ಹುಟ್ಟಿದ್ದು 1966ರಲ್ಲಿ. ಅದರ ‘ಮಹಾಸಾಗರ’ ಎಂಬ ಪತ್ರಿಕೆಯಲ್ಲಿ 1975ರಲ್ಲಿ ಹರಕಂತ್ರರ ಒಂದು ಪುಟ್ಟ ಪ್ರಬಂಧ ಪ್ರಕಟವಾಯಿತು. ವಿಷಯ: ಕಾರವಾರದ ಕಾಳಿ ಅಳಿವೆಯ ತಳವಾಸಿ ಜೀವಿಗಳು. ತಳವಾಸಿಗಳೆಂದರೆ ನೀರಿನಡಿಯ ಮರಳು, ಕೆಸರುಗಳಲ್ಲಿ ಹುದುಗಿ ಬದುಕುವ ಹುಳುಗಳು, ಚಿಪ್ಪುಜೀವಿಗಳು, ಸಣ್ಣಪುಟ್ಟ ಏಡಿ–ಸಿಗಡಿ ವರ್ಗದವು. ತಳದಿಂದ ಕೆಸರನ್ನು ಬಾಚಿ ತೆಗೆದು, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಜಾತಿವಾರು ವಿಂಗಡಿಸಿ, ಎಣಿಸಿ, ತೂಗುವುದು ಈ ಶಾಸ್ತ್ರದ ಕ್ರಮ. ತಿಮಿಂಗಿಲದ ಬೆನ್ನು ಹತ್ತಿದವರಿಗೆ ಸಿಗುವ ಪ್ರಚಾರ ಹುಳು ಎಣಿಸುವವರಿಗೆ ಸಿಗುವುದಿಲ್ಲ.

ಹುಳುವಿನ ಲೆಕ್ಕ ಮೀನಿನ ಲೆಕ್ಕವೂ ಹೌದು. ತಳದಲ್ಲಿ ಮೇಯುವ ಮೀನುಗಳು, ಸಿಗಡಿಗಳು ಬದುಕುವುದೇ ಈ ಜೀವರಾಶಿಯನ್ನು ನಂಬಿ. ಭಾರತದ ಪಶ್ಚಿಮ ಕರಾವಳಿಯ ಭೂಖಂಡದ ಅಂಚಿನ ತಳವಾಸಿಗಳ ಕುರಿತು ಹರಕಂತ್ರರು ಸಹೋದ್ಯೋಗಿಗಳೊಡನೆ 1980ರಲ್ಲಿ ಬರೆದರು. ಪಾರುಲೇಕರ್ ಮತ್ತು ಅನ್ಸಾರಿ ಅವರೊಂದಿಗಿನ 1982ರ ಪ್ರಬಂಧ ಇನ್ನೂ ಮುಂದೆ ಹೋಯಿತು. ತಳದ ಜೀವೋತ್ಪಾದನೆಯಿಂದ ದೇಶದ ಸಮುದ್ರಗಳಲ್ಲಿ ತಳಮೀನುಗಾರಿಕೆಗೆ ಎಷ್ಟು ಸಂಪತ್ತಿದೆ ಎಂದು ಅಂದಾಜಿಸುವ ಪ್ರಯತ್ನ ಅದು. ಅದೇ ವರ್ಷ ವೇಲ್ಸ್‌ನ ಸ್ವಾನ್ಸೀ ಕೊಲ್ಲಿಯ ಬಗ್ಗೆ, 1994ರಲ್ಲಿ ರತ್ನಾಗಿರಿಯ ರಾಜಾಪುರ ಕೊಲ್ಲಿಯ ಬಗ್ಗೆ, 2004ರ ಹೊತ್ತಿಗೂ ಗೋವಾದ ಅಳಿವೆಗಳ ಬಗ್ಗೆ ಅವರ ಬರವಣಿಗೆ ನಡೆದೇ ಇತ್ತು. ಸುಮಾರು ಮೂರು ದಶಕ, ಒಂದೇ ಕೆಸರು.

ವಿದ್ವಾಂಸನ ಪ್ರಭಾವವನ್ನು ಇಂದು ಉಲ್ಲೇಖಗಳ ಸಂಖ್ಯೆಯಲ್ಲಿ ಅಳೆಯುವುದು ರೂಢಿ. ಆ ತಕ್ಕಡಿಯಲ್ಲಿ ವಿದೇಶಿ ನಿಯತಕಾಲಿಕೆಯ ಲೇಖನದ ಮುಂದೆ ಸಂಸ್ಥೆಯ ಪತ್ರಿಕೆಯ ಪ್ರಬಂಧ ಹಗುರವೇ. ನನಗೆ ಮಾತ್ರ ಆ 1975ರ ಕಾಳಿಯ ಲೆಕ್ಕವೇ ಎಲ್ಲಕ್ಕಿಂತ ಬೆಲೆಬಾಳುವಂಥದ್ದು ಎನಿಸುತ್ತದೆ. ಕಾರಣ ಅದರ ಇಸವಿ. ಸೂಪಾ ಅಣೆಕಟ್ಟೆ ಪೂರ್ಣಗೊಂಡದ್ದು 1987ರಲ್ಲಿ, ಕದ್ರಾ 1997ರಲ್ಲಿ. ಕೈಗಾದ ಮೊದಲ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಪಕ್ಕದ ಕಡಲಂಚಿನಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಇವೆಲ್ಲಕ್ಕೂ ಮೊದಲು ಒಬ್ಬರು ಕಾಳಿಯ ತಳವನ್ನು ಎಣಿಸಿಟ್ಟಿದ್ದರು. ಹಾಗೆಂದು ಅದು ಕನ್ಯೆ ಕಾಳಿಯ ಚಿತ್ರವೇನೂ ಅಲ್ಲ; ದಾಂಡೇಲಿಯ ಕಾಗದದ ಕಾರ್ಖಾನೆ ಆಗಲೇ ಇತ್ತು.

ಅಣೆಕಟ್ಟೆಯಿಂದ ಅಳಿವೆಗೆ ಏನಾಗುತ್ತದೆ? ಶರಾವತಿಯನ್ನು ನೋಡಬೇಕು. ವಿದ್ಯುದಾಗಾರದ ಸಿಹಿನೀರು ವರ್ಷವಿಡೀ ಹರಿದುಬಂದು ಅಳಿವೆಯ ಉಪ್ಪಿನಂಶ ಕುಸಿದದ್ದನ್ನೂ ಚಿಪ್ಪುಜೀವಿಗಳು ಬಹುಮಟ್ಟಿಗೆ ಕಣ್ಮರೆಯಾದದ್ದನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಬೂಮಿನಾಥನ್, ಸುಭಾಷ್ ಚಂದ್ರನ್, ರಾಮಚಂದ್ರ ಅವರ ಅಧ್ಯಯನಗಳು ದಾಖಲಿಸಿವೆ. ದೊಡ್ಡ ಅಣೆಕಟ್ಟೆಯಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಬಳಚು ಹೆಕ್ಕುವುದು ಸಾವಿರಾರು ಜನರ ಜೀವನೋಪಾಯ.

ಇನ್ನೊಂದು ಸಂಗತಿಯನ್ನು ಹರಕಂತ್ರರ ಕೆಲಸ ಕಲಿಸುತ್ತದೆ. ಗೋವಾದ ಅಳಿವೆಗಳಲ್ಲಿ ಒಂದು ಜಾತಿಯ ಜಾಗಕ್ಕೆ ಇನ್ನೊಂದು ಬಂದು ನೆಲೆಗೊಳ್ಳುವ ಕ್ರಮವನ್ನು ಅವರು ಅಧ್ಯಯನ ಮಾಡಿದ್ದರು. ನಮ್ಮ ಕರಾವಳಿಯಲ್ಲಿ ಮುಂಗಾರು ಪ್ರತಿವರ್ಷ ತಳದ ಬದುಕನ್ನು ಕದಡುತ್ತದೆ. ಮಳೆ ನಿಂತ ಮೇಲೆ ಅದು ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬೇಕು. ಹೀಗಿರುವಾಗ, ಮಳೆಗಾಲವನ್ನು ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಿದ ಮಾಹಿತಿಯ ಆಧಾರದ ಮೇಲೆ ಪರಿಸರ ಪರಿಣಾಮ ವರದಿ ಸಿದ್ಧಪಡಿಸುವ ಪರಿಪಾಠಕ್ಕೆ ಏನರ್ಥ? ಡಿಸೆಂಬರಿನಲ್ಲಿ ಕಂಡ ಹುಳುಗಳ ಪಟ್ಟಿಯನ್ನು ಇಡೀ ವರ್ಷದ ಕಡಲೆಂದು ಒಪ್ಪಿಕೊಳ್ಳುವುದು ವಿಜ್ಞಾನವಲ್ಲ, ಕಡತ ತುಂಬುವ ಕೆಲಸ.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ 4,119 ಕೋಟಿ ರೂಪಾಯಿ ವೆಚ್ಚದ ಬಂದರು ನಿರ್ಮಿಸುವ ಗುತ್ತಿಗೆಯನ್ನು ರಾಜ್ಯ ಕಡಲ ಮಂಡಳಿ 2023ರಲ್ಲಿ ಖಾಸಗಿ ಕಂಪನಿಯೊಂದಕ್ಕೆ ನೀಡಿತು. 2025ರಲ್ಲಿ ಮೀನುಗಾರರು ಅದರ ವಿರುದ್ಧ ಬೀದಿಗಿಳಿದರು. ಹಾರವಾಡದ ಉತ್ತರಕ್ಕೆ ನೌಕಾನೆಲೆ, ದಕ್ಷಿಣಕ್ಕೆ ಕೇಣಿ. ಹೂಳೆತ್ತುವಾಗ ಮೊದಲು ಸಾಯುವುದು ತಳದ ಜೀವಗಳೇ. ಬಂದರು ಬೇಕೇ ಬೇಡವೇ ಎಂಬುದು ಬೇರೆ ವಾದ. ಎಷ್ಟು ಕಳೆದುಕೊಳ್ಳುತ್ತೇವೆ ಎಂಬ ಲೆಕ್ಕವಿಲ್ಲದೆ ಆ ವಾದಕ್ಕೆ ಕೂರುವುದು ಮೀನುಗಾರರಿಗೆ ಮಾಡುವ ವಂಚನೆ.

ಕಾಳಿ ಅಳಿವೆಯ ಅಂಕಿಗಳನ್ನು ಹಾರವಾಡದ ತೆರೆದ ಕಡಲಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ವಿಧಾನವನ್ನು ಅನ್ವಯಿಸಬಹುದು. ಕಾಳಿಯ ಮುಖದ ಬಳಿ, ಕಾರವಾರದ ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. 1975ರ ಪ್ರಬಂಧವನ್ನು ಕೈಯಲ್ಲಿ ಹಿಡಿದು ಕಾಳಿಯ ತಳವನ್ನು ಮತ್ತೊಮ್ಮೆ ಎಣಿಸುವ ಕೆಲಸವನ್ನು, ಮಳೆಗಾಲವನ್ನೂ ಸೇರಿಸಿ, ಅಲ್ಲಿನ ವಿದ್ಯಾರ್ಥಿಗಳಿಗೆ ವಹಿಸಬೇಕು. ಹಾರವಾಡದಿಂದ ಕೇಣಿವರೆಗಿನ ಕಡಲತಳವನ್ನೂ ಅದಕ್ಕೆ ಸೇರಿಸಬೇಕು. ಖರ್ಚು ಬಂದರಿನ ವೆಚ್ಚದ ಮುಂದೆ ಲೆಕ್ಕಕ್ಕೇ ಇಲ್ಲದಷ್ಟು. ಫಲಿತಾಂಶವನ್ನು ಕನ್ನಡದಲ್ಲಿ ಮುದ್ರಿಸಿ, ಮುಂದಿನ ಅಹವಾಲು ಸಭೆಗೆ ಮೊದಲೇ ಕಡಲಂಚಿನ ಗ್ರಾಮ ಪಂಚಾಯಿತಿಗಳಿಗೆ ತಲುಪಿಸಬೇಕು.