ಖಾತೆ ನಿಮ್ಮದು, ಬೀಗದ ಕೈ ಯಾರದು?



ಸಾಸಿವೆ ಡಬ್ಬಿಯಲ್ಲೋ, ಅಕ್ಕಿ ಡಬ್ಬದ ತಳದಲ್ಲೋ ನಾಲ್ಕು ಕಾಸು ಬಚ್ಚಿಡುತ್ತಿದ್ದ ಹೆಂಗಸರನ್ನು ಬ್ಯಾಂಕಿನ ಕಡೆಗೆ ಕರೆತಂದದ್ದರಲ್ಲಿ ಪಿಗ್ಮಿಯ ಪಾಲು ದೊಡ್ಡದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಹಣ ಕಟ್ಟಿಸಿಕೊಳ್ಳಲು ಶುರು ಮಾಡಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಾಯಿತು. ಅದಕ್ಕೂ ಮೊದಲೇ, 2017ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ, 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ್ದವು. ನಾವು ಕುಳಿತಲ್ಲೇ ನಮ್ಮ ಬ್ಯಾಂಕು ಬದಲಾಗಿತ್ತು ನೋಡಿ!

ಇನ್ನು ಕೆಲವರು ತಾವಾಗಿಯೇ ಬದಲಾಯಿಸುತ್ತಾರೆ. ಊರು ಬದಲಾಯಿತು, ಶಾಖೆ ದೂರವಾಯಿತು, ಕನಿಷ್ಠ ಹಣ ಇಡಲಿಲ್ಲವೆಂದು ದಂಡ ಹಾಕಿದರು, ಹೀಗೆ ನೂರೆಂಟು ಕಾರಣ. ಬದಲಾಯಿಸಿ, ಬೇಡ ಅನ್ನುವುದಿಲ್ಲ. ಆದರೆ ಅರ್ಜಿ ತುಂಬುವ ಮೊದಲು ನಿಮ್ಮನ್ನೊಂದು ಮಾತು ಕೇಳುತ್ತೇನೆ. ನಿಮ್ಮ ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರು ಯಾರದು?

ನಮ್ಮ ಬೀದಿಯ ಗೆಳತಿಯೊಬ್ಬರ ವಿಷಯ ಹೇಳುತ್ತೇನೆ. ಖಾತೆ ಅವರ ಹೆಸರಿನಲ್ಲೇ ಇದೆ. ಗೃಹಲಕ್ಷ್ಮಿಯ ಎರಡು ಸಾವಿರ, ಹೊಲಿಗೆಯಿಂದ ಬಂದದ್ದು, ಎಲ್ಲ ಅದರಲ್ಲೇ. ನಂಬರು ಮಾತ್ರ ಬೆಂಗಳೂರಿನಲ್ಲಿರುವ ಮಗನದು. ತವರಿನಲ್ಲಿ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಮೂರು ಸಾವಿರ ಕಳಿಸೋಣವೆಂದು ಹೊರಟರು. ಓಟಿಪಿ ಮಗನ ಫೋನಿಗೆ ಹೋಯಿತು. ಮಗ ಮೀಟಿಂಗಿನಲ್ಲಿ. ಅವನು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಆಮೇಲೆ ಫೋನ್ ಮಾಡಿ, “ಯಾರಿಗಮ್ಮಾ? ಯಾಕಮ್ಮಾ? ಅಷ್ಟೊಂದು ಯಾಕೆ?” ಅಂದ. ಹುಡುಗ ಒಳ್ಳೆಯವನೇ, ಕೇಳಿದ್ದರಲ್ಲಿ ತಪ್ಪೂ ಇಲ್ಲ. ಆದರೆ ಆಕೆ ನನ್ನ ಹತ್ತಿರ ಅಂದದ್ದು ಇಷ್ಟೇ: “ನನ್ನ ದುಡ್ಡೇ ಕಣ್ರೀ. ಆದರೂ ಸಾಲ ಕೇಳಿದ ಹಾಗಾಯ್ತು.”

ಈ ಮಾತು ನಮ್ಮಲ್ಲಿ ಎಷ್ಟು ಜನರಿಗೆ ಅನ್ವಯಿಸುತ್ತದೋ!

ಓಟಿಪಿ, ಪಿನ್ ಅಂದರೆ ಬರೀ ಕಿರಿಕಿರಿ ಅನ್ನುತ್ತೇವಲ್ಲ, ಅದು ಯಾಕಿದೆ ಅಂತ ತಿಳಿದರೆ ಬೇಸರ ಕಡಿಮೆಯಾಗುತ್ತದೆ. ಬ್ಯಾಂಕಿನ ಲಾಕರ್ ನೋಡಿದ್ದೀರಲ್ಲ? ಒಂದು ಕೀಲಿ ಅವರದು, ಒಂದು ನಮ್ಮದು. ಎರಡೂ ತಿರುಗಿದರೇ ಬಾಗಿಲು ತೆಗೆಯುವುದು. ಇದೂ ಹಾಗೇ, ಎರಡು ಕೀಲಿಯ ಬೀಗ. ಕಾರ್ಡಿನ ನಂಬರು ಕದ್ದವನಿಗೆ ಒಂದು ಕೀಲಿ ಸಿಕ್ಕಿತು. ಎರಡನೆಯದು ನಮ್ಮ ಫೋನಿಗೆ ಬರುವುದರಿಂದ ಕಳ್ಳ ಹೊರಗೇ ನಿಲ್ಲುತ್ತಾನೆ. ನಮ್ಮ ದೇಶದಲ್ಲಿ ಆನ್‌ಲೈನ್ ಕಾರ್ಡ್ ಪಾವತಿಗೆ ಈ ಎರಡನೇ ತಪಾಸಣೆಯನ್ನು ರಿಸರ್ವ್ ಬ್ಯಾಂಕು 2009ರಲ್ಲಿಯೇ ಕಡ್ಡಾಯ ಮಾಡಿತು. ಯುಪಿಐಯಲ್ಲೂ ಅಷ್ಟೇ. ನಿಮ್ಮ ಸಿಮ್‌ನಿಂದ ಒಂದು ಸಂದೇಶ ಹೋಗಿ ನಂಬರು ಹೊಂದಿದರೇ ಖಾತೆ ಸೇರಿಕೊಳ್ಳುತ್ತದೆ. ಅದಕ್ಕೇ ಬ್ಯಾಂಕಿಗೆ ಕೊಟ್ಟ ಸಿಮ್ ಆ ಫೋನಿನಲ್ಲೇ ಇರಬೇಕು.

ಹಾಗಾದರೆ ನಂಬರು ಬೇರೆಯವರದಾಗಿದ್ದರೆ? ಕೀಲಿ ಅವರ ಸೊಂಟದಲ್ಲಿದೆ ಅಂತಲೇ ಅರ್ಥ. ಪಾಸ್‌ಪುಸ್ತಕ, ಆಧಾರ್ ಹಿಡಿದು ಶಾಖೆಗೆ ಹೋಗಿ, ನಂಬರು ಬದಲಾಯಿಸುವ ಅರ್ಜಿ ಕೊಡಿ. ಆಧಾರ್‌ನಲ್ಲಿಯೂ ನಿಮ್ಮದೇ ನಂಬರು ಇರಲಿ. ಡೆಬಿಟ್ ಕಾರ್ಡ್ ಇಲ್ಲದವರು ಆಧಾರ್ ಓಟಿಪಿಯಿಂದಲೂ ಯುಪಿಐ ಪಿನ್ ಮಾಡಿಕೊಳ್ಳಬಹುದು, ಅದಕ್ಕೆ ಈ ಎರಡು ಕಡೆಯೂ ಒಂದೇ ನಂಬರು ಬೇಕು.

ಈಗ ಬ್ಯಾಂಕು ಬದಲಾಯಿಸುವವರಿಗೆ ಕೆಲಸದ ಕ್ರಮ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

1. ಹೊಸ ಖಾತೆ ತೆರೆಯುವಾಗಲೇ ನಿಮ್ಮ ನಂಬರು ಕೊಡಿ, ನಾಮಿನಿ ಬರೆಸಿ. 2025ರ ನವೆಂಬರ್‌ನಿಂದ ನಾಲ್ವರವರೆಗೂ ನಾಮಿನಿ ಹಾಕಬಹುದು.

2. ಹಳೆಯ ಖಾತೆಯನ್ನು ಅವಸರದಲ್ಲಿ ಮುಚ್ಚಬೇಡಿ. ಎರಡು ಮೂರು ತಿಂಗಳು ಎರಡೂ ಇರಲಿ. ಹಳೆಯ ಪಾಸ್‌ಪುಸ್ತಕದ ಒಂದು ವರ್ಷದ ಪುಟ ತಿರುವಿ, ಏನೇನು ಬರುತ್ತದೆ, ಏನೇನು ಹೋಗುತ್ತದೆ ಪಟ್ಟಿ ಮಾಡಿ. ಸಂಘದ ಸಾಲದ ಕಂತು, ವಿಮೆ, ಗ್ಯಾಸ್ ಸಬ್ಸಿಡಿ ಎಲ್ಲ ಬರೆಯಿರಿ. ವರ್ಷಕ್ಕೊಮ್ಮೆ ಕತ್ತರಿಸುವವು ಕಣ್ಣಿಗೆ ಬೀಳುವುದಿಲ್ಲ. ಜೀವನ್ ಜ್ಯೋತಿ ವಿಮೆಯ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ ಮೇ ತಿಂಗಳ ಹೊತ್ತಿಗೆ ತಾನಾಗಿಯೇ ಹೋಗುತ್ತವೆ. ಖಾತೆ ಮುಚ್ಚಿದರೆ ವಿಮೆಯೂ ನಿಂತೀತು.

3. ಸರ್ಕಾರದ ಹಣ ಎಲ್ಲಿಗೆ ಬರುತ್ತದೆ? ಆಧಾರ್ ಮೂಲಕ ಬರುವ ಹಣ ಒಂದೇ ಖಾತೆಗೆ, ಕೊನೆಯದಾಗಿ ಜೋಡಿಸಿದ ಬ್ಯಾಂಕಿಗೆ ಹೋಗುತ್ತದೆ. ಖಾತೆ ತೆರೆಯಲು ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿಬಿಡುವುದಿಲ್ಲ. “ಆಧಾರ್ ಸೀಡಿಂಗ್ ಮಾಡಿಕೊಡಿ” ಅಂತ ಬೇರೆಯಾಗಿ ಕೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಹಣ ಬರಲಿಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆಯುವವರು ಮೊದಲು ಇದನ್ನು ವಿಚಾರಿಸಿ.

4. ಫೋನಿನಲ್ಲಿ ಹೊಸ ಖಾತೆ ಸೇರಿಸಿ, ಪಿನ್ ಮಾಡಿಕೊಂಡು, ಮನೆಯವರಿಗೆ ಒಂದು ರೂಪಾಯಿ ಕಳಿಸಿ ನೋಡಿ. ಬರುವ ಹಣಕ್ಕೂ ಹೊಸ ಖಾತೆಯನ್ನೇ ಮುಖ್ಯ ಖಾತೆಯಾಗಿ ಆರಿಸಿ.

5. ಎಲ್ಲ ಸರಿಯಾದ ಮೇಲೆ ಹಳೆಯದನ್ನು ಮುಚ್ಚಿ. ಪಾಸ್‌ಪುಸ್ತಕ ಪೂರ್ತಿ ಬರೆಸಿಕೊಳ್ಳಿ. ಉಳಿದ ಚೆಕ್ಕು, ಕಾರ್ಡು ಒಪ್ಪಿಸಿ ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಹಾಗೇ ಬಿಟ್ಟರೆ, ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಓಡಾಟ ಯಾರಿಗೆ ಬೇಕು?

ಇನ್ನು ಕಳ್ಳರ ಮಾತು. ಬ್ಯಾಂಕು ಬದಲಾಯಿಸುವ ದಿನಗಳಲ್ಲಿ ನಾವೇ ಬ್ಯಾಂಕಿನ ಕರೆಗೆ ಕಾಯುತ್ತಿರುತ್ತೇವೆ. “ಮೇಡಂ, ನಿಮ್ಮ ಕೆವೈಸಿ ಆಗಿಲ್ಲ, ಸಂಜೆಯೊಳಗೆ ಖಾತೆ ಬಂದ್ ಆಗುತ್ತೆ” ಅಂದರೆ ನಂಬಿಬಿಡುತ್ತೇವೆ. ಬ್ಯಾಂಕಿನವರು ಓಟಿಪಿ, ಪಿನ್ ಕೇಳುವುದೇ ಇಲ್ಲ, ಒಂದೇ ಒಂದು ಸಲವೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಆ್ಯಪ್ ಫೈಲನ್ನು ತೆರೆಯಬೇಡಿ, ಅದು ನಮ್ಮ ಸಂದೇಶಗಳನ್ನೇ ಓದಿಬಿಡುವ ಪೈಕಿಯದ್ದಿರಬಹುದು. ಗೂಗಲ್‌ನಲ್ಲಿ ಸಿಕ್ಕ ಸಹಾಯವಾಣಿ ನಂಬರನ್ನೂ ನಂಬಬೇಡಿ. ಪಾಸ್‌ಪುಸ್ತಕದಲ್ಲಿ, ಕಾರ್ಡಿನ ಹಿಂದೆ ಅಚ್ಚಾದ ನಂಬರು ಸಾಕು. ಇನ್ನೊಂದು ಮಾತು: ಯುಪಿಐ ಪಿನ್ ಒತ್ತುವುದು ಹಣ ಕೊಡಲು, ಪಡೆಯಲು ಅಲ್ಲ. “ಪಿನ್ ಒತ್ತಿ, ಹಣ ಬರುತ್ತೆ” ಅಂದವನು ಕಳ್ಳನೇ.

ಹಾಗೂ ಹಣ ಹೋಯಿತೆನ್ನಿ. ಯಜಮಾನರು ಬೈಯ್ದಾರು ಅಂತ ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಬೇಗ ತಿಳಿಸಿದಷ್ಟೂ ದಾರಿಯಲ್ಲೇ ಹಣ ತಡೆಯುವ ಅವಕಾಶ ಹೆಚ್ಚು. ತಿಳಿಸಿದ ಮೇಲೂ ಹಣ ಹೋದರೆ ಆ ನಷ್ಟ ಬ್ಯಾಂಕಿನದು ಎಂದು 2017ರಲ್ಲಿಯೇ ರಿಸರ್ವ್ ಬ್ಯಾಂಕು ಹೇಳಿದೆ. ಇಂಥ ಹೊತ್ತಿನಲ್ಲಿ ಬೈಗುಳಕ್ಕೆ ಹೆದರಿ ಕಳೆದ ಒಂದು ಗಂಟೆ ಬಲು ದುಬಾರಿ.

ಮಗನೋ ಯಜಮಾನರೋ ಪಕ್ಕದಲ್ಲಿ ಕೂತು ಹೇಳಿಕೊಡಲಿ, ಸಂತೋಷವೇ. ಕಲಿಯುವ ತನಕ ನಾಲ್ಕು ಸಲ ಕೇಳಿ, ನಾಚಿಕೆ ಬೇಡ. ಒತ್ತುವ ಬೆರಳು ಮಾತ್ರ ನಿಮ್ಮದಾಗಿರಲಿ. ಈ ವಾರವೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ನಿಮ್ಮ ಖಾತೆಗೆ ಯಾರ ನಂಬರಿದೆ ಎಂದು ಬ್ಯಾಂಕಿನಲ್ಲಿ ವಿಚಾರಿಸಿ ಬನ್ನಿ. ಏನಾಯಿತೆಂದು ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.