ಜಾತಿ ನಾಯಿಯ ಧಣಿಗಳಿಗೆ

ಕನ್ನಡದಲ್ಲಿ ದುಡ್ಡು ಕೊಟ್ಟು ತಂದ ನಾಯಿಗೆ ‘ಜಾತಿ ನಾಯಿ’ ಅನ್ನುತ್ತಾರೆ. ಕೇರಿಯಲ್ಲಿ ಹುಟ್ಟಿದ್ದಕ್ಕೆ ‘ಕಂತ್ರಿ’ ಅನ್ನುತ್ತಾರೆ. ಕಂತ್ರಿ ಎಂದರೆ ಇಂಗ್ಲಿಷಿನ ‘ಕಂಟ್ರಿ’ ನಮ್ಮ ಬಾಯಲ್ಲಿ ತಿರುಗಿದ್ದು. ಈ ನಾಡಿನದು, ಈ ಮಣ್ಣಿನದು ಎಂದು ಅರ್ಥ. ಈ ಮಣ್ಣಿನದಾದದ್ದೇ ಬೈಗುಳವಾಯಿತು, ಸಮುದ್ರ ದಾಟಿ ಬಂದದ್ದಕ್ಕೆ ಜಾತಿ ಸಿಕ್ಕಿತು.

ಈ ಮಾತು ಯಾಕೆ ಬಂತೆಂದರೆ, ಗೆಳೆಯರೇ, ಹೋದ ತಿಂಗಳು ನಾವು ಒಂದು ಪಶು ದವಾಖಾನೆಯ ಪಡಸಾಲೆಯಲ್ಲಿ ಎರಡು ತಾಸು ಕುಂತು ಬಂದೆವು. ಸಿಂಧನೂರೋ, ಲಿಂಗಸುಗೂರೋ, ಮಸ್ಕಿಯೋ, ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಡಾಕ್ಟರು ಸಿಕ್ಕಿಬೀಳುತ್ತಾರೆ, ಧಣಿ ತಪ್ಪಿಸಿಕೊಳ್ಳುತ್ತಾನೆ.

ನಮ್ಮ ಕರಿಯನಿಗೆ ರಾತ್ರಿ ಹೊಲದಲ್ಲಿ ಕಾಡುಹಂದಿ ಹಾಯ್ದು ಪಕ್ಕೆ ಸೀಳಿತ್ತು. ಅವ್ವನ ಹಳೇ ಸೀರೆಯಲ್ಲಿ ಸುತ್ತಿ, ಟಂಟಂನಲ್ಲಿ ಎತ್ತಿಕೊಂಡು ಬಂದೆವು. ಪಡಸಾಲೆಯಲ್ಲಿ ಇದ್ದದ್ದು ಒಂದೇ ಬೆಂಚು. ಬೆಂಚಿನ ಮೇಲೆ ಧಣಿ, ಧಣಿಯ ಪಕ್ಕ ಅವನ ಲ್ಯಾಬ್ರಡಾರ್, ಲ್ಯಾಬ್ರಡಾರಿನ ಪಕ್ಕ ಅದರ ಬಿಸ್ಕೀಟಿನ ಚೀಲ. ಕೆಳಗೆ ಮೆಟ್ಟಿಲ ಮೇಲೆ, ಬಿಸಿಲಲ್ಲಿ, ಒಬ್ಬ ಮುದುಕವ್ವ ಆಡು ಹಿಡಿದು ಕುಂತಿದ್ದಳು.

‘ಏ ತಮ್ಮಾ, ಆ ಕಂತ್ರೀನ ಹೊರಗ ಕಟ್ಟು. ನಮ್ಮದಕ್ಕ ಉಣ್ಣಿ ಹತ್ತತಾವ.’

‘ಗಾಯ ಆಗೇತ್ರಿ.’

‘ಇಂಥಾವಕ್ಕೂ ದವಾಖಾನಿ ಬೇಕಾತನು? ಯಾವೂರು? ಯಾರ ಪೈಕಿ?’

‘ಬಿ.ಎ. ಆಗೇತ್ರಿ’ ಎಂದೆವು. ಯಾರ ಪೈಕಿ ಎಂದು ಕೇಳಿದರೆ ಬಿ.ಎ. ಎಂದು ಉತ್ತರ ಕೊಡುವ ದಡ್ಡತನ ಮೊದಲ ಸಲ ಡಿಗ್ರಿ ಕಂಡ ಮನೆಯವರಿಗೆ ಮಾತ್ರ ಬರುತ್ತದೆ. ಧಣಿ ನಕ್ಕ. ಅವನಿಗೆ ಬೇಕಾದ ಉತ್ತರ ಸಿಕ್ಕಿತ್ತು.

ಒಂದು ಮಾತು ಹೇಳಬೇಕು. ಲ್ಯಾಬ್ರಡಾರಿಗೆ ಕರಿಯನ ಮೇಲೆ ಏನೂ ತಕರಾರಿರಲಿಲ್ಲ. ಅದು ಬಾಲ ಅಲ್ಲಾಡಿಸುತ್ತಾ ಬೆಂಚಿನಿಂದ ಇಳಿದು ಕರಿಯನ ಮೂಗು ಮೂಸಲು ಬಂತು. ಧಣಿ ಸರಪಳಿ ಜಗ್ಗಿದ.

ಇನ್ನು ಉಣ್ಣಿಯ ಮಾತು. ನಾಯಿಯ ಉಣ್ಣಿ ಜಾತಿ ನೋಡಿ ಹತ್ತುವುದಿಲ್ಲ. ಅದು ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ, ನಾಯಿಗೂಡಿನ ಸಂದಿಯಲ್ಲಿ. ಧಣಿಗಳ ಸಿಮೆಂಟಿನ ಗೂಡು ಅದಕ್ಕೆ ಅರಮನೆ. ನಮ್ಮ ಕರಿಯನಿಗೆ ಗೂಡೇ ಇಲ್ಲ.

ಈಗ ಮುದುಕವ್ವನ ಆಡಿನ ಮಾತಿಗೆ ಬರೋಣ. ಅದರ ಎಡ ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಯಾರೋ ಒಣಗಲು ಹರವಿದ ಕಾಳಿಗೆ ಬಾಯಿ ಹಾಕಿತ್ತಂತೆ. ಹೊಟ್ಟೆ ಉಬ್ಬರ ಎಂದರೆ ಬರೀ ಅಜೀರ್ಣವಲ್ಲ. ಗಾಳಿ ಒಳಗೇ ನಿಂತು ಪುಪ್ಪುಸವನ್ನು ಒತ್ತುತ್ತದೆ, ಉಸಿರು ಕಟ್ಟುತ್ತದೆ. ಆ ಗಾಳಿ ಹೊರಗೆ ಬಿಟ್ಟರೆ ಬದುಕುತ್ತದೆ, ತಡವಾದರೆ ಸಾಯುತ್ತದೆ. ಅವ್ವ ಧಣಿಗಿಂತ ಮೊದಲೇ ಬಂದವಳು. ಆದರೆ ಒಳಗೆ ಹೋದದ್ದು ಧಣಿ. ‘ಡಾಕ್ಟರಿಗೆ ಫೋನ್ ಮಾಡೀನಿ’ ಎಂದ, ಹೋದ. ಅವನ ನಾಯಿಗೆ ಆಗಬೇಕಾದದ್ದು ವರ್ಷದ ಇಂಜೆಕ್ಷನ್ನು, ಉಗುರು ಕತ್ತರಿಸುವುದು. ಬಾಗಿಲು ಅರ್ಧ ತಾಸು ಮುಚ್ಚಿತ್ತು.

ಡಾಕ್ಟರು ಹೊರಗೆ ಬಂದಾಗ ಆಡು ಕಾಲು ಚಾಚಿತ್ತು. ಅವರು ನಿಜವಾಗಿ ಸಿಟ್ಟಾದರು. ‘ಮೊದಲ ಯಾಕ ಹೇಳಲಿಲ್ಲ? ಇದು ನಿಮಿಷದ ಲೆಕ್ಕ’ ಎಂದರು. ಅವ್ವನನ್ನು ಕೇಳಿದ ಪ್ರಶ್ನೆ ಅದು. ಬಡಿದದ್ದು ನಮಗೆ. ಆ ಅರ್ಧ ತಾಸು ಬಾಗಿಲು ತಟ್ಟದೆ ಕುಂತವರು ನಾವು. ಕ್ರಾಂತಿ ಕುರಿತು ಪದ್ಯ ಕಟ್ಟಿದವರು ನಾವು, ಸಭೆಯಲ್ಲಿ ಮೈಕು ಹಿಡಿದವರು ನಾವು. ‘ಯಾರ ಪೈಕಿ’ ಎಂಬ ಎರಡು ಶಬ್ದ ನಮ್ಮ ನಾಲಿಗೆಯನ್ನು ಅಂಗುಳಕ್ಕೆ ಅಂಟಿಸಿತ್ತು. ಒಂದು ಆಡು ಎಂದರೆ ಆ ಮನೆಯ ಬ್ಯಾಂಕು, ಮೊಮ್ಮಗಳ ಫೀಸು, ಹಬ್ಬದ ಬಟ್ಟೆ. ಅಷ್ಟೂ ನಮ್ಮ ಮೌನದಲ್ಲಿ ಸತ್ತಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ‘ಇದನ್ನ ಯಾರರ ಎತ್ತಿ ಹಾಕ್ರಿ’ ಎಂಬ ದನಿ ಬಂತು. ಬೆಂಚಿನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ನಮ್ಮ ಕಡೆ ನೋಡಿದರು.

ಜೀವ ಇರುವ ದನ ಹಿಡಿದು ಬಂದರೆ ಮೆಟ್ಟಿಲು, ಸತ್ತರೆ ಮಾತ್ರ ನಮ್ಮ ಕೈಗೆ ಗೌರವ! ಸತ್ತ ದನ ಎಳೆಯುವುದನ್ನು ಬಿಡಿ ಎಂದು ಬಾಬಾಸಾಹೇಬರು ಮಹಾಡಿನಲ್ಲಿ ಹೇಳಿದ್ದು 1927ರ ಮಾರ್ಚಿನಲ್ಲಿ. ಅದೇ ಮಾರ್ಚ್ 20ರಂದು ಅವರು ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ದನ ಕುಡಿಯಬಹುದಾದ, ನಾಯಿ ಕುಡಿಯಬಹುದಾದ, ನಾವು ಕುಡಿಯಬಾರದಾಗಿದ್ದ ನೀರು. 1931ರಲ್ಲಿ ಗಾಂಧೀಜಿಯ ಎದುರಿಗೆ ಕುಂತಾಗಲೂ ಅವರು ಎತ್ತಿದ್ದು ನಾಯಿ ಬೆಕ್ಕಿಗಿಂತ ಕಡೆಯಾಗಿ ನಮ್ಮನ್ನು ಕಾಣುವ ಮಾತನ್ನೇ. ಹಾಗಂತ ಬಾಬಾಸಾಹೇಬರಿಗೆ ನಾಯಿಯ ಮೇಲೆ ಸಿಟ್ಟಿರಲಿಲ್ಲ. 1934ರ ಫೆಬ್ರವರಿಯಲ್ಲಿ ರಾಜಗೃಹದಲ್ಲಿ ತೆಗೆದ ಅವರ ಕುಟುಂಬದ ಚಿತ್ರ ನೋಡಿರಿ, ರಮಾಬಾಯಿ, ಯಶವಂತರ ಜೊತೆಗೆ ಅವರ ಪ್ರೀತಿಯ ನಾಯಿ ಟಾಬಿಯೂ ಇದೆ. ನಮ್ಮ ಜಗಳ ಸರಪಳಿಯ ಈ ತುದಿಯವನ ಜೊತೆ.

ಕಾನೂನು ಇಲ್ಲವೇ ಎಂದು ಮೇಷ್ಟ್ರೊಬ್ಬರು ಕೇಳಿದರು. ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ನಾಲ್ಕು ಜನರ ಎದುರಿಗೆ ಜಾತಿ ಹಿಡಿದು ಅವಮಾನಿಸಿದರೆ ಅದು ಹಿಡಿಯುತ್ತದೆ. ಅದಕ್ಕೇ ಧಣಿ ಈಗ ನಮ್ಮನ್ನು ಬೈಯುವುದಿಲ್ಲ. ನಮ್ಮ ನಾಯಿಯನ್ನು ಬೈಯುತ್ತಾನೆ. ಕರಿಯನ ಹೆಸರಲ್ಲಿ ಎಫ್‌ಐಆರ್ ಹಾಕಲು ಬರುವುದಿಲ್ಲವಲ್ಲ.

ಸ್ವಾಮಿ ಧಣಿಗಳೇ, ನಿಮ್ಮ ಜಾತಿ ನಾಯಿಯ ಜಾತಕ ಬಿಚ್ಚೋಣ. ಲ್ಯಾಬ್ರಡಾರ್ ಹುಟ್ಟಿದ್ದು ಯಾವ ಅರಮನೆಯಲ್ಲೂ ಅಲ್ಲ. ಅದು ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ಜೊತೆ ಬಲೆ ಎಳೆದ ನಾಯಿಯ ಸಂತಾನ, ಕೂಲಿಯವರ ನಾಯಿ. ಇಂಗ್ಲೆಂಡಿನ ದೊರೆಗಳು ಕೊಂಡೊಯ್ದ ಮೇಲೆ ಅದಕ್ಕೆ ಕುಲ ಬಂತು. ಜರ್ಮನ್ ಶೆಫರ್ಡ್ ಕುರಿ ಕಾಯುವವರ ನಾಯಿ, 1899ರಲ್ಲಿ ಸ್ಟೆಫಾನಿಟ್ಸ್ ಎಂಬ ಮಿಲಿಟರಿ ಅಧಿಕಾರಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ದೂರ ಯಾಕೆ, ನಮ್ಮ ಮುಧೋಳದ ನಾಯಿಯನ್ನೇ ನೋಡಿರಿ. ಬೇಡರ ಜೊತೆ ಮೊಲ ಅಟ್ಟಿಸಿಕೊಂಡು ಓಡುತ್ತಿದ್ದ ನಾಯಿ ಅದು. ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಸಾಕಿ, ಐದನೇ ಜಾರ್ಜ್ ದೊರೆಗೆ ಜೋಡಿ ಕಾಣಿಕೆ ಕೊಟ್ಟ ಮೇಲೆ ಅದು ‘ಮುಧೋಳ ಹೌಂಡ್’ ಆಯಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ಮೀರತ್ತಿನ ಸೈನ್ಯದ ತರಬೇತಿಗೆ ಹೋದವು. ನಾಯಿಗೆ ಅಂಚೆ ಚೀಟಿ ಸಿಕ್ಕಿತು. ಅದನ್ನು ತಲೆಮಾರುಗಟ್ಟಲೆ ಆರಿಸಿ ಸಾಕಿದ ಬೇಡರ ಹೆಸರು ಎಲ್ಲಿ ಹೋಯಿತು?

ಅಂದರೆ ನಾಯಿಗೆ ಜಾತಿ ಕೊಟ್ಟದ್ದೂ ಯಜಮಾನನೇ. ಮನುಷ್ಯನ ವಿಷಯದಲ್ಲಿ ಮಾತ್ರ ಈ ಕೆಲಸ ಬ್ರಹ್ಮನ ತಲೆಗೆ ಕಟ್ಟಿದರು.

ಮಸ್ಕಿಯವರಿಗಂತೂ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಆ ಊರ ಬಂಡೆಯ ಮೇಲೆ ಅಶೋಕನ ಶಾಸನ ಕಂಡ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಜಗತ್ತಿಗೆ ಖಚಿತವಾದದ್ದು ಆ ಬಂಡೆಯಿಂದ. ಪಠ್ಯಪುಸ್ತಕ ಅಷ್ಟು ಹೇಳಿ ನಿಲ್ಲುತ್ತದೆ. ಅದೇ ಬಂಡೆಯಲ್ಲಿ ಇನ್ನೊಂದು ಮಾತಿದೆ: ಧರ್ಮದಲ್ಲಿ ನಡೆದರೆ ಸಣ್ಣವನೂ ಆ ಎತ್ತರ ಮುಟ್ಟಬಲ್ಲ, ಅದು ದೊಡ್ಡವನಿಗೆ ಮಾತ್ರ ಎಂದು ತಿಳಿಯಬಾರದು ಎಂಬ ಅರ್ಥದ್ದು. ಗಿರ್ನಾರ್, ಎರ್ರಗುಡಿಯ ಬಂಡೆಗಳಲ್ಲಿ ಅದೇ ಅಶೋಕ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನು ಕೆತ್ತಿಸಿದ್ದಾನೆ. ಪಶುವಿಗೆ ಚಿಕಿತ್ಸೆ, ಸಣ್ಣವನಿಗೆ ಸಮಾನ ಜಾಗ, ಎರಡನ್ನೂ ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಕಲ್ಲಿಗೆ ಕೆತ್ತಿದ ನಾಡಿದು. ಇವತ್ತು ಒಂದು ಬೆಂಚಿಗೆ ಬರಗಾಲ.

ಮೇಲೆ ಬರೆದದ್ದನ್ನು ಓದಿದ ಒಬ್ಬ ಗೆಳೆಯ ‘ಇದೆಲ್ಲಾ ಸಾಹಿತ್ಯ ಆಗತದೇನಪಾ’ ಎಂದ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದು ಮೈಸೂರಿನಲ್ಲಿ ಹೇಳಿ ಮಂತ್ರಿ ಪದವಿ ಕಳಕೊಂಡರು. ಬೂಸಾ ಪಶು ತಿನ್ನುವ ವಸ್ತು. ನಾವೂ ಪಶುಗಳ ಪಡಸಾಲೆಯಿಂದಲೇ ಬರೆಯುತ್ತಿದ್ದೇವೆ, ಸಾಹಿತ್ಯ ಆಗದಿದ್ದರೆ ಬೇಡ.

ನಾವು ಕೇಳುವುದು ದೊಡ್ಡದಲ್ಲ. ಉಸಿರು ಕಟ್ಟಿದ್ದು, ರಕ್ತ ಸೋರುವುದು, ಹೊಟ್ಟೆಯಲ್ಲಿ ಮರಿ ಅಡ್ಡ ಬಂದದ್ದು ಮೊದಲು ಒಳಗೆ ಹೋಗಲಿ, ಉಗುರು ಕಾಯಬಲ್ಲದು. ಇದನ್ನು ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹಾಕಿರಿ ಎಂದು ಡಾಕ್ಟರಿಗೆ ಅರ್ಜಿ ಕೊಟ್ಟಿದ್ದೇವೆ. ಅವರು ‘ಆಗಲಿ’ ಎಂದಿದ್ದಾರೆ. ಉಳಿದವರು ಸರದಿಯಲ್ಲಿ ಬರಲಿ, ಧಣಿಯೂ ಬರಲಿ. ಬೆಂಚು ನಾಯಿಗಲ್ಲ, ವಯಸ್ಸಾದವರಿಗೆ.

ಆಡನ್ನು ನಾವೇ ಎತ್ತಿದೆವು. ಅವರು ನೋಡಿದರೆಂದಲ್ಲ, ಅವ್ವ ಒಬ್ಬಳೇ ಇದ್ದಳೆಂದು. ಟಂಟಂ ಹತ್ತುವಾಗ ಅವಳು ‘ನಿಮ್ಮ ನಾಯಿ ಬಿಟ್ಟು ಬಂದೀರಲ್ಲಪಾ, ಹೋಗ್ರಿ’ ಎಂದು ನಮ್ಮನ್ನು ಹಿಂದಕ್ಕೆ ಕಳಿಸಿದಳು. ಕರಿಯನಿಗೆ ಹನ್ನೊಂದು ಹೊಲಿಗೆ ಬಿದ್ದಿವೆ. ಸೋಮವಾರ ಬಿಚ್ಚಿಸಬೇಕು. ಬೆಳಿಗ್ಗೆ ಒಂಬತ್ತಕ್ಕೇ ಹೋಗುತ್ತೇವೆ. ಕೇರಿಯವರು ಯಾರಾದರೂ ಆಡು, ಎಮ್ಮೆ ತೋರಿಸುವುದಿದ್ದರೆ ನಮ್ಮ ಜೊತೆ ಬರ್ರಿ. ಈ ಸಲ ಬಾಗಿಲು ತಟ್ಟುತ್ತೇವೆ.