ನಮ್ಮಲ್ಲಿ ಬಿಟ್ಟುಹೋದ ನಾಯಿ

ದೀಪಾವಳಿಯ ಪಾಡ್ಯ ಕಳೆದು ನಾಲ್ಕೈದು ದಿನಗಳಾಗಿದ್ದುವು. ಬೋರಿ ಹೊಳೆಯ ಆಣೆಕಟ್ಟಿನ ಹಿನ್ನೀರಿನಿಂದೆದ್ದ ಮಂಜು ಇನ್ನೂ ಊರ ಮೇಲಿಂದ ಸರಿದಿರಲಿಲ್ಲ. ನಾವು ಸೊಲ್ಲಾಪುರದ ಚಾದರ ಹೊದ್ದು ಅಂಗಳದಲ್ಲಿ ನಿಂತಿದ್ದಾಗ, ನಮ್ಮ ಶಾಲೆಯ ನಾಲ್ಕನೆಯ ಇಯತ್ತೆಯ ಹುಡುಗನೊಬ್ಬ ಕಟ್ಟೆಯ ಬಳಿ ಬಂದು ನಿಂತ. ಕೈಯಲ್ಲೊಂದು ಹಗ್ಗ, ಹಗ್ಗದ ಆಚೆಯ ತುದಿಗೆ ಕೆಂಚು ಬಣ್ಣದ ನಾಯಿ.

"ಗುರೂಜಿ, ಕೆಂಪಿನ್ನ ನಿಮ್ಮ ಕಡೆ ಇಟ್ಕೋರಿ. ಯುಗಾದಿಗಿ ಬಂದು ಒಯ್ತೀನಿ. ಟ್ರ್ಯಾಕ್ಟರದಾಗ ನಾಯಿ ಬ್ಯಾಡ ಅಂದಾನ್ರಿ ಮುಕಾದಮ."

ಇಷ್ಟು ಹೇಳಿ, ಹಗ್ಗವನ್ನು ನಮ್ಮ ಕೈಗಿತ್ತು, ತಿರುಗಿ ನೋಡದೆ ಓಡಿಹೋದ. ಅರ್ಧ ತಾಸಿನೊಳಗೆ ಟ್ರ್ಯಾಕ್ಟರಿನ ಸದ್ದು ಚಪಳಗಾಂವದ ದಾರಿಯಲ್ಲಿ ಕರಗಿತು.

ದೂರದ ಊರುಗಳಲ್ಲಿರುವ ನಮ್ಮ ಓದುಗ ಬಂಧುಗಳಿಗೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಬ್ಬು ಕಡಿಯುವ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಬೇಸಿಗೆಯ ಮೊದಲ ಬಿಸಿಲಿನವರೆಗೆ ನಡೆಯುತ್ತದೆ. ಗಂಡಹೆಂಡಿರ ಜೋಡಿಯೊಂದಕ್ಕೆ 'ಕೋಯತಾ' ಎಂದೇ ಹೆಸರು. ಕೋಯತಾ ಎಂದರೆ ಕುಡುಗೋಲು; ಕೆಲಸ ಮಾಡುವ ಮನುಷ್ಯರಿಗೆ ಕೈಯೊಳಗಿನ ಹತ್ಯಾರದ ಹೆಸರೇ ಬಿದ್ದುಹೋಗಿದೆ. ಮುಕಾದಮನಿಂದ ಮುಂಗಡ ಹಣ ಪಡೆದವರು ಅದು ತೀರುವವರೆಗೆ ಕಡಿಯಬೇಕು. ಹಣ ಮಳೆಗಾಲದಲ್ಲಿಯೇ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ದುಡಿಮೆ ಮಾತ್ರ ಚಳಿಗಾಲಕ್ಕೆ ಉಳಿದಿರುತ್ತದೆ.

ಆಣೆಕಟ್ಟಿರುವ ಊರಿನವರು ಏಕೆ ಗುಳೆ ಹೋಗಬೇಕೆಂದು ಕೇಳುವವರುಂಟು. ಬೋರಿ ನಳದುರ್ಗದ ಕೋಟೆಯೊಳಗಿನ ಪಾಣಿ ಮಹಲನ್ನು ದಾಟಿ ನಮ್ಮಲ್ಲಿಗೆ ಬಂದು, ಮುಂದೆ ಭೀಮೆಯನ್ನು ಸೇರುತ್ತದೆ. ಹಿನ್ನೀರಿನ ಸಮೀಪ ಹೊಲವಿದ್ದವನಿಗೆ ಕಬ್ಬು. ದಿಬ್ಬದ ಮೇಲಿನ ಎರಡೆಕರೆಯವನಿಗೆ ಆಕಾಶದತ್ತ ನೋಟ. ಇನ್ನೂ ವಿಚಿತ್ರವೆಂದರೆ, ನಮ್ಮ ಸುತ್ತಿನ ಕಬ್ಬನ್ನು ಕಡಿಯಲು ಬೇರೆ ಜಿಲ್ಲೆಯ ತಂಡಗಳು ಬರುತ್ತವೆ; ನಮ್ಮವರು ಕಡಿಯಲು ಬೇರೆಯವರ ಊರಿಗೆ ಹೋಗುತ್ತಾರೆ. ಇದರ ಲೆಕ್ಕಾಚಾರ ಮುಕಾದಮರಿಗೆ ಗೊತ್ತು.

ಅದಿರಲಿ. ನಾಯಿಯ ವಿಷಯಕ್ಕೆ ಬರೋಣ.

ನಮ್ಮ ಮನೆಯಲ್ಲಿ ಆಗಲೇ ಒಂದು ಹಸು, ಅದರ ಕರು, ಮತ್ತು ತನ್ನನ್ನು ಯಜಮಾನಿಯೆಂದೇ ತಿಳಿದುಕೊಂಡಿರುವ ಒಂದು ಬೆಕ್ಕು ಇದ್ದುವು. ಚಳಿ ಬಿದ್ದ ದಿನದಿಂದ ಬೆಕ್ಕು ನಮ್ಮ ತಾಯಿಯವರ ಕೌದಿಯೊಳಗೇ ವಾಸ. ಕೆಂಪಿಯನ್ನು ಕಂಡೊಡನೆ ಅದು ಬೆನ್ನು ಬಿಲ್ಲಾಗಿಸಿ ಜೋಳದ ಕಣಜದ ಮೇಲೇರಿ ಕುಳಿತದ್ದು ಮರುದಿನ ಹಾಲಿನ ಹೊತ್ತಿಗೇ ಇಳಿದದ್ದು. ಕೆಂಪಿ ಮಾತ್ರ ಯಾರ ಗೊಡವೆಗೂ ಹೋಗಲಿಲ್ಲ. ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ದಾರಿಯ ಕಡೆಗೆ ಮೋರೆ ಮಾಡಿ ಮಲಗಿತ್ತು. ಮೂರನೆಯ ದಿನ ನಮ್ಮ ಸೈಕಲ್ಲಿನ ಹಿಂದೆಯೇ ಶಾಲೆಗೆ ಬಂದು, ನಾಲ್ಕನೆಯ ಇಯತ್ತೆಯ ಬಾಗಿಲನ್ನು ತಾನೇ ಹುಡುಕಿಕೊಂಡು, ಹೊಸ್ತಿಲಾಚೆ ಕುಳಿತಿತು. ಹುಡುಗರು ನಕ್ಕರು. "ಗುರೂಜಿ, ಅವನ ಬದಲಿ ಇದ ಹಾಜರ ಅದರಿ" ಎಂದನೊಬ್ಬ. ನಾವೂ ನಕ್ಕೆವು, ಹಾಜರಿ ಪುಸ್ತಕ ತೆರೆದಾಗ ನಗು ಉಳಿಯಲಿಲ್ಲ.

ಆ ರಾತ್ರಿ ಒಲೆಯ ಮುಂದೆ ಊಟಕ್ಕೆ ಕುಳಿತಾಗ ನಮ್ಮ ಮನೆಯವರು, ರೊಟ್ಟಿ ಬಡಿಯುತ್ತ, ನಮ್ಮತ್ತ ನೋಡದೆಯೇ ಹೇಳಿದರು: "ನಾಯಿನ್ನ ಇಟಗೊಂಡವರು ಹುಡುಗನ್ನ ಇಟಗೋಬಹುದಿತ್ತಲ್ರಿ."

ಮೂವತ್ತು ವರ್ಷಗಳ ನೌಕರಿಯಲ್ಲಿ ನಮಗೆ ಯಾವ ಮೇಲಧಿಕಾರಿಯೂ ಕೇಳದ ಪ್ರಶ್ನೆ ಅದು. ನಾವು ಸುಮ್ಮನೆ ಕೂತಿರಲಿಲ್ಲವೆಂಬುದು ನಿಜ. ಹೊರಡುವ ಹಿಂದಿನ ಸಂಜೆ ಅವನ ತಂದೆಯನ್ನು ಕಂಡು, ಹುಡುಗನನ್ನು ಊರಲ್ಲಿಯೇ ಬಿಡಿರೆಂದು ಕೇಳಿಕೊಂಡಿದ್ದೆವು. ಹೋದ ವರ್ಷದವರೆಗೆ ಅಜ್ಜಿಯಿದ್ದಳು. ಅವಳ ಬಳಿ ಇದ್ದು ಶಾಲೆಗೆ ಬರುತ್ತಿದ್ದ. ಈ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಮನೆಯಲ್ಲೀಗ ವರ್ಷದ ಕೂಸೊಂದಿದೆ. "ನಾವಿಬ್ಬರೂ ನಸುಕಿನ್ಯಾಗ ಫಡಕ್ಕ ಹೋದ್ರ ಸಣ್ಣಕೂಸಿನ್ನ ಯಾರು ನೋಡಬೇಕ್ರಿ ಗುರೂಜಿ?" ಎಂದರು ತಂದೆ. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. 'ನಮ್ಮ ಮನೆಯಲ್ಲಿ ಬಿಡಿ' ಎಂಬ ಮಾತು ಅಂದು ನಮ್ಮ ನಾಲಿಗೆಗೆ ಬರಲಿಲ್ಲವೆಂಬುದೂ ಅಷ್ಟೇ ನಿಜ. ಬಂದಿದ್ದರೂ ಕೂಸಿನ ಪ್ರಶ್ನೆ ಉಳಿಯುತ್ತಿತ್ತು ಎಂದು ನಾವು ಮನೆಯವರಿಗೆ ಹೇಳಿದೆವು. ಅವರು ರೊಟ್ಟಿ ಮಗುಚಿದರು.

ಸರಕಾರ ಇಂಥ ಮಕ್ಕಳನ್ನು ಮರೆತಿದೆಯೆನ್ನಲಾಗದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಆರರಿಂದ ಹದಿನಾಲ್ಕು ವಯಸ್ಸಿನ ಮಗು ಶಾಲೆಯಲ್ಲಿರಬೇಕು. ಬೀಡ ಮೊದಲಾದ ಜಿಲ್ಲೆಗಳಲ್ಲಿ ಮಕ್ಕಳು ಊರಲ್ಲಿಯೇ ಉಳಿಯಲೆಂದು ಹಂಗಾಮಿ ವಸತಿಗೃಹಗಳುಂಟು. ಗುಳೆ ಹೋಗುವ ಮಗುವಿಗೆ ನಾವು 'ಶಿಕ್ಷಣ ಹಮೀ' ಕಾರ್ಡು ಬರೆದುಕೊಡುತ್ತೇವೆ; ಅದನ್ನು ತೋರಿಸಿದರೆ ಹೋದ ಊರಿನ ಶಾಲೆಯಲ್ಲಿ ಕೂರಿಸಿಕೊಳ್ಳಬೇಕು. ಒಳ್ಳೆಯ ಯೋಜನೆ, ಇದರಿಂದ ಎಷ್ಟೋ ಮಕ್ಕಳ ಓದು ಉಳಿದಿದೆ. ಆದರೆ ಆ ಕಾರ್ಡಿನಲ್ಲಿ ಕಲಿಕೆಯ ಮಟ್ಟ ಬರೆಯಬಹುದೇ ಹೊರತು ಕಲಿತ ಭಾಷೆಯ ಶಾಲೆಯನ್ನು ಆ ಊರಿಗೆ ಒಯ್ಯಲಾಗದು. ನಮ್ಮವರು ಹೋಗುವುದು ಮಾಳಶಿರಸದ ಕಡೆಗೆ. ಅಲ್ಲಿ ಫಡದ ಸಮೀಪ ಇರುವುದು ಮರಾಠಿ ಶಾಲೆ. ಕನ್ನಡ ಶಾಲೆಗಳು ಏನಿದ್ದರೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತದಂಥ ಗಡಿಯ ತಾಲೂಕುಗಳಲ್ಲಿ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ಹೀಗೆಯೇ ಕಾರ್ಡು ಹಿಡಿದು ಹೋಗಿ, ಅಲ್ಲಿಯ ಶಾಲೆಯಲ್ಲಿ ಕುಳಿತು, ಯುಗಾದಿಯ ಹೊತ್ತಿಗೆ ಮರಳಿದಳು. ಪಾಟಿಯ ಮೇಲೆ ಹೆಸರು ಬರೆಯೆಂದರೆ ಮೊದಲೆರಡು ಅಕ್ಷರ ಕನ್ನಡದಲ್ಲಿ, ಕೊನೆಯ ಒತ್ತಕ್ಷರ ಬಾಲಬೋಧದಲ್ಲಿ ಬರೆದಳು. ಮೇಲೊಂದು ಗೆರೆಯನ್ನೂ ಎಳೆದಳು. ತರಗತಿಯೆಲ್ಲ ನಕ್ಕಿತು. ನಾವು ಗದರಿದೆವು. ಎರಡು ಲಿಪಿಗಳನ್ನು ಯಾರ ಸಹಾಯವೂ ಇಲ್ಲದೆ ತಾನೇ ಹೊಂದಿಸಿಕೊಂಡು ಬಂದಿದ್ದ ಮಗುವಿಗೆ ನಾವು ಕೊಟ್ಟ ಬಹುಮಾನ ಅದು. ಅಧ್ಯಾಪಕರ ತರಬೇತಿಯಲ್ಲಿ ನಾವೇ ಬರೆದಿದ್ದ ಪಾಠದ ಟಿಪ್ಪಣಿಗಳಲ್ಲಿ 'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂಬ ಸೂತ್ರ ಎಷ್ಟು ಸಲ ಬಂದಿತ್ತೋ! ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಈಗಲೂ ಅಕ್ಕಲಕೋಟೆಯ ಸಂತೆಯಲ್ಲಿ ಕಂಡರೆ ಸೆರಗು ಸರಿಪಡಿಸಿಕೊಂಡು ನಮಸ್ಕಾರ ಮಾಡುತ್ತಾಳೆ. ಆ ನಮಸ್ಕಾರ ನಮಗೆ ಭಾರವಾಗುತ್ತದೆ.

ಮರಾಠಿಯ ಮೇಲೆ ನಮಗೆ ಮುನಿಸಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ಮಕ್ಕಳು ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡಿಯೇ ಬೆಳೆಯುತ್ತಾರೆ; 2020ರ ಕಾಯಿದೆಯಿಂದ ರಾಜ್ಯದ ಎಲ್ಲ ಶಾಲೆಗಳಲ್ಲಿ ಅದು ಕಡ್ಡಾಯ ವಿಷಯವೂ ಹೌದು. ನಮ್ಮ ಕನ್ನಡ ಪುಸ್ತಕಗಳನ್ನು ಅಚ್ಚುಹಾಕುವುದು ಪುಣೆಯ ಬಾಲಭಾರತಿಯೇ. ಮಾತು ಬೇರೆ, ಅರ್ಧ ವರ್ಷದಲ್ಲಿ ಕಲಿಕೆಯ ಭಾಷೆಯನ್ನೇ ಬದಲಿಸುವುದು ಬೇರೆ.

ಈ ಸಲ ಹೊರಡುವಾಗ ಹುಡುಗನ ಚೀಲದಲ್ಲಿ ಕಾರ್ಡಿನೊಡನೆ ಕನ್ನಡ ಪಠ್ಯಪುಸ್ತಕವನ್ನೂ ಇಟ್ಟು, ಒಳಗೆ ನಮ್ಮ ಮೊಬೈಲ್ ನಂಬರು ಬರೆದಿದ್ದೆವು. ಬಹಳ ನಿರೀಕ್ಷೆಯೇನೂ ಇರಲಿಲ್ಲ.

ಎಳ್ಳ ಅಮಾವಾಸ್ಯೆ ಬಂದಿತು. ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಹೋಳಿಗೆ, ಅಂಬಲಿಯ ಮಡಕೆ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋದೆವು. ಕೆಂಪಿಯೂ ಬಂದಿತು. ಈ ವರ್ಷ ಬಿಳಿಜೋಳ ಎದೆಮಟ್ಟ ನಿಂತಿದೆ. ಮೊಹೋಳದ ಮಾಲದಂಡಿ ನಮ್ಮ ಎರೆಮಣ್ಣಿನಲ್ಲಿ ಹಿಂಗಾರಿನ ಹಸಿಯನ್ನೇ ನೆಚ್ಚಿ, ಚಳಿಯನ್ನು ಕುಡಿದು ತೆನೆ ಹಿಡಿಯುವ ಬೆಳೆ. ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ ಊಟಕ್ಕೆ ಕುಳಿತಿದ್ದೆವು. ಹಿನ್ನೀರಿನ ಮೇಲೆ ಉತ್ತರದಿಂದ ಬಂದ ಬಾತುಗಳು ಸಾಲುಗಟ್ಟಿ ಇಳಿಯುತ್ತಿದ್ದುವು. ಮೊಮ್ಮಗಳು ಅವನ್ನು ಎಣಿಸುತ್ತ ಪ್ರತಿಸಲ ಹತ್ತೊಂಬತ್ತರಲ್ಲಿ ತಪ್ಪುತ್ತಿದ್ದಳು. ಆಗ ಫೋನು ಬಂದಿತು. ಗುರುತಿಲ್ಲದ ನಂಬರು.

"ಗುರೂಜಿ, ಕೆಂಪಿ ಹ್ಯಾಂಗ ಅದರಿ?"

ನಮಸ್ಕಾರ ಆಮೇಲೆ. ನಾವು ಫೋನನ್ನು ಕೆಂಪಿಯ ಕಿವಿಗೆ ಹಿಡಿದೆವು. ಕಥೆಗಳಲ್ಲಾದರೆ ನಾಯಿ ಒಡೆಯನ ದನಿ ಕೇಳಿ ಕುಣಿದಾಡಬೇಕು. ಕೆಂಪಿ ಫೋನನ್ನು ಮೂಸಿ, ತಿನ್ನುವ ವಸ್ತುವಲ್ಲವೆಂದು ತಿಳಿದು, ಹೋಳಿಗೆಯ ಕಡೆಗೆ ತಿರುಗಿತು. ಹುಡುಗನಿಗೆ ಹಾಗೆಂದು ಹೇಳಲಿಲ್ಲ. ಶಾಲೆಗೆ ಹೋಗುತ್ತೀಯಾ ಎಂದು ಕೇಳಿದೆವು. "ಇಲ್ರಿ. ಕೂಸಿನ್ನ ನೋಡ್ತೀನ್ರಿ" ಎಂದ. ಪುಸ್ತಕ? "ಅದರಿ. ಕೂಸಿಗಿ ಚಿತ್ರ ತೋರಸ್ತೀನ್ರಿ."

ನಮಗೆ ಥಟ್ಟನೆ ಏನೋ ತೋಚಿತು. ಕೆಂಪಿಯ ಸುದ್ದಿ ಬೇಕಿದ್ದರೆ ಒಂದು ಪುಟ ಓದಿ ಹೇಳಬೇಕೆಂದು ಕರಾರು ಹಾಕಿದೆವು. ಪ್ರತಿ ಭಾನುವಾರ ರಾತ್ರಿ, ತಂದೆ ಫಡದಿಂದ ಬಂದ ಮೇಲೆ, ಎಂಟು ಗಂಟೆಗೆ. ಆತ ಒಪ್ಪಿದ.

ಮೊದಲ ಭಾನುವಾರ ಐದು ಸಾಲು ಓದುವಷ್ಟರಲ್ಲಿ ಬೆವರಿದ; ಬೆವರಿದ್ದು ನಮಗೆ ಇಲ್ಲಿಂದಲೇ ತಿಳಿಯಿತು. ನಾವು ಬೆಕ್ಕಿನ ಪಂಜದ ಪೆಟ್ಟನ್ನು ಕೆಂಪಿ ತಾಳಿಕೊಂಡ ಕಥೆ ಹೇಳಿದೆವು. ಎರಡನೆಯ ಭಾನುವಾರ ಫೋನು ಬರಲಿಲ್ಲ. ಮುಕಾದಮನ ಮೊಬೈಲಿನಲ್ಲಿ ಹಣ ತೀರಿತ್ತಂತೆ. ಮೂರನೆಯದು ಸಂಕ್ರಾಂತಿಯ ಸಮಯ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡೆಯ ಜಾತ್ರೆ, ಏಳು ನಂದಿಧ್ವಜಗಳ ಮೆರವಣಿಗೆ. ಊರರ್ಧ ಅಲ್ಲಿಗೆ ಹೋಗಿತ್ತು. ನಾವು ಮನೆಯಲ್ಲಿಯೇ ಉಳಿದೆವು. ಎಂಟಕ್ಕೆ ಸರಿಯಾಗಿ ಫೋನು ಬಂದಿತು. ಒಂದೂವರೆ ಪುಟ ಓದಿದ. ಮಧ್ಯದಲ್ಲಿ ಕೂಸು ಅತ್ತಿತು. ಅದನ್ನು ತೊಡೆಗೆ ಹಾಕಿಕೊಂಡು ಓದು ಮುಂದುವರಿಸಿದ್ದು ಕೇಳಿಸಿತು. ಒಂದು ಒತ್ತಕ್ಷರ ತಪ್ಪಿದ; ನಾವು ಗದರಲಿಲ್ಲ.

ಹಾಜರಿ ಪುಸ್ತಕದಲ್ಲಿ ಭಾನುವಾರಕ್ಕೆ ಕಾಲಂ ಇಲ್ಲ. ಅವನ ಹೆಸರಿನ ಮುಂದೆ ಗೈರುಹಾಜರಿಯೇ ಬೀಳುತ್ತಿದೆ. ನಾವು ಸುಳ್ಳು ಬರೆಯುವಂತಿಲ್ಲ. ನಮ್ಮ ಮನೆಯವರು ಮಾತ್ರ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಆ ಭಾನುವಾರಗಳಿಗೆ ಗುರುತು ಹಾಕಿದ್ದಾರೆ. ನಾವು ನೋಡಿಯೂ ನೋಡದಂತೆ ಇದ್ದೇವೆ. ಬರುವ ದೀಪಾವಳಿಗೆ ಆ ಕೂಸಿಗೆ ಎರಡು ವರ್ಷ ತುಂಬಿರುತ್ತದೆಂದು ಮೊನ್ನೆ ಅವರು ನಮ್ಮ ತಾಯಿಯವರೊಡನೆ ಹೇಳುತ್ತಿದ್ದರು. ಎರಡು ವರ್ಷದ್ದನ್ನು ನೋಡಿಕೊಳ್ಳುವುದು ಅಷ್ಟೇನೂ ಕಷ್ಟವಲ್ಲವಂತೆ.

ಈ ವಾರ ಹೇಳಲು ದೊಡ್ಡ ಸುದ್ದಿಯೇ ಇದೆ. ಮಂಗಳವಾರ ನಸುಕಿನಲ್ಲಿ, ಕಣಿಕೆಯ ಬಣವಿಯ ಸಂದಿಯಲ್ಲಿ, ಕೆಂಪಿ ನಾಲ್ಕು ಮರಿ ಹಾಕಿದೆ. ಎರಡು ಕೆಂಚು, ಒಂದು ಕಪ್ಪು, ಒಂದಕ್ಕೆ ಹಣೆಯ ಮೇಲೆ ಬಿಳಿಯ ಚುಕ್ಕೆ. ಮೊಮ್ಮಗಳು ತನ್ನ ಹಳೆಯ ಸ್ವೆಟರನ್ನು ಅಲ್ಲಿ ಹಾಸಿದ್ದಾಳೆ. ಬೆಕ್ಕು ಕಣಜದ ಮೇಲೆಯೇ ಕುಳಿತಿದೆ. ಇದಕ್ಕೆ ಒಂದು ಪುಟ ಸಾಲದು, ಇಡೀ ಪಾಠ ಓದಿಸಬೇಕೆಂದು ನಮ್ಮ ಆಲೋಚನೆ. "ಕೂಸಿನಂಥಾ ಹುಡುಗನ್ನ ಅಷ್ಟು ಕಾಯಸಬ್ಯಾಡ್ರಿ, ಮೊದಲ ಹೇಳಿಬಿಡ್ರಿ" ಎನ್ನುತ್ತಾರೆ ಮನೆಯವರು. ಭಾನುವಾರಕ್ಕೆ ಇನ್ನೂ ಎರಡು ದಿನವಿದೆ.